ಹುಳದ ಮನೆಯಲ್ಲಿ ಹೇಳಿಕೆ

ಮಂಡಲ ಪಂಚಾಯಿತಿಗೆ ಗೆದ್ದ ಮೇಲೆ ನನ್ನ ಹೆಂಡತಿ ರಾಮಲಕ್ಷ್ಮಮ್ಮನ ಬಾಯಿ ಜೋರಾಯಿತು ಎಂದು ಊರಿನವರು ಹೇಳುತ್ತಾರೆ. ಅದು ಶುದ್ಧ ಸುಳ್ಳು. ಅವಳ ಬಾಯಿ ಮೊದಲಿನಿಂದಲೂ ಜೋರೇ, ಪಂಚಾಯಿತಿ ಬಂದದ್ದು ಆಮೇಲೆ. ಮದುವೆಯಾದ ಹೊಸದರಲ್ಲಿ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ತೂಕದವನ ಜೊತೆ ಜಗಳಕ್ಕೆ ನಿಂತು, ಮಧ್ಯೆ ಬಂದ ನನ್ನನ್ನು ಪಕ್ಕಕ್ಕೆ ಸರಿಸಿ, ತಕ್ಕಡಿಯನ್ನು ತಾನೇ ಕೈಗೆ ತೆಗೆದುಕೊಂಡವಳು ಅವಳು. ಅಂದಿನಿಂದ ನಾನು ಮಾರುಕಟ್ಟೆಗೆ ಗೂಡಿನ ಮೂಟೆ ಹೊರುವುದಕ್ಕೆ ಮಾತ್ರ ಹೋಗುತ್ತೇನೆ. ಮಾತಿಗೆ ಅವಳಿದ್ದಾಳೆ. ಇದರಲ್ಲಿ ನನಗೆ ನಾಚಿಕೆಯೇನೂ ಇಲ್ಲ, ಒಳಗೊಳಗೇ ಸ್ವಲ್ಪ ಹೆಮ್ಮೆ ಇದೆ ಎಂದರೂ ತಪ್ಪಲ್ಲ.

ಅಂಥವಳು ಒಂದು ದಿನ ಬೆಂಗಳೂರಿನಿಂದ ಬಂದ ಶಾಸಕರ ಸಮಿತಿಯ ಮುಂದೆ, ಅದೂ ತಾನೇ ಹಟ ಹಿಡಿದು ಕರೆಸಿದ ಸಮಿತಿಯ ಮುಂದೆ, ಹಾಡುಹಗಲೇ ಸುಳ್ಳು ಹೇಳಿದಳು. ನಾನು ಪಕ್ಕದಲ್ಲೇ ನಿಂತಿದ್ದೆ.

ನಮ್ಮೂರು ಸೊಣ್ಣಗುಟ್ಟಹಳ್ಳಿ. ಶಿಡ್ಲಘಟ್ಟಕ್ಕೆ ಹತ್ತಿರ, ಬಸ್ಸಿಗೆ ದೂರ. ಊರಿನಲ್ಲಿ ಹಿಪ್ಪುನೇರಳೆ ತೋಟವಿಲ್ಲದವರು ಕಡಿಮೆ, ರೇಷ್ಮೆ ಹುಳ ಸಾಕದವರು ಇಲ್ಲವೇ ಇಲ್ಲ. ಹುಳ ಹತ್ತಿರ ಹತ್ತಿರ ಒಂದು ತಿಂಗಳು ಸೊಪ್ಪು ತಿಂದು, ಕೊನೆಗೆ ತಿನ್ನುವುದನ್ನು ಬಿಟ್ಟು, ಮೈ ಹಳದಿ ತಿರುಗಿ ಹಣ್ಣಾಗುತ್ತದೆ. ಆಗ ಅದನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಎಂದರೆ ಆಳೆತ್ತರದ ಬಿದಿರಿನ ತಟ್ಟಿ. ಅದರ ಮೇಲೆ ಬಿದಿರಿನ ಪಟ್ಟಿಯನ್ನು ಸುರುಳಿ ಸುತ್ತಿ ನಿಲ್ಲಿಸಿ ಕಟ್ಟಿರುತ್ತಾರೆ. ಆ ಸುರುಳಿಯ ಸಂದಿಯಲ್ಲಿ ಕೂತು ಹುಳ ಗೂಡು ಕಟ್ಟುತ್ತದೆ. ಮೊಟ್ಟೆ, ಸೊಪ್ಪು, ಗಾಳಿ ಎಲ್ಲ ಸರಿಯಿದ್ದು ಚಂದ್ರಿಕೆಯೊಂದು ಕೆಟ್ಟರೂ ಪಟ್ಟ ಪಾಡೆಲ್ಲ ಮಣ್ಣುಪಾಲು.

ಎಂಬತ್ತೆಂಟನೇ ಇಸವಿಯಲ್ಲಿ ಸಣ್ಣ ಬೆಳೆಗಾರರಿಗೆ ಪುಕ್ಕಟೆಯಾಗಿ ಚಂದ್ರಿಕೆ ಹಂಚುವ ಯೋಜನೆ ಬಂತು. ನಮ್ಮ ತಾಲ್ಲೂಕಿಗೆ ಪೂರೈಸುವ ಟೆಂಡರು ಸಿಕ್ಕಿದ್ದು ಚಿಂತಾಮಣಿ ರಸ್ತೆಯ ಬೊಮ್ಮಪಲ್ಲಿಯ ವೆಂಕಟರವಣಪ್ಪನಿಗೆ. ಅವನೂ ನಮ್ಮಂತೆಯೇ ಹುಳ ಸಾಕುವ ಮನೆಯವನು. ಆಮೇಲೆ ಕಂಟ್ರಾಕ್ಟಿಗೆ ಇಳಿದು, ಬಿಳಿ ಪಂಚೆ ಬಿಟ್ಟು ಬಿಳಿ ಪ್ಯಾಂಟು ಹಾಕಿಕೊಂಡವನು. ಮಾತು ಬಹಳ ಸಿಹಿ. ನಮ್ಮ ಕಡೆಯವನೇ, ಕಷ್ಟಸುಖ ಬಲ್ಲವನು ಎಂದು ನಾವೂ ಸಂತೋಷಪಟ್ಟೆವು.

ಚಂದ್ರಿಕೆಗಳು ಲಾರಿಯಲ್ಲಿ ಬಂದವು. ನೋಡಲು ಲಕ್ಷಣವಾಗಿದ್ದವು. ದಪ್ಪ ಬಿದಿರು, ಗಟ್ಟಿ ಕಟ್ಟು, ಮೇಲೆ ಎಣ್ಣೆ ಸವರಿದ ಹೊಳಪು. ಹುಳುಕು ಹಿಡಿಯದಿರಲೆಂದು ಹಸಿ ಬಿದಿರಿಗೆ ಯಾವುದೋ ಔಷಧಿ ಎಣ್ಣೆ ಬಳಿದಿದ್ದರು. ನಮ್ಮ ಮೂಗಿಗೆ ಆ ವಾಸನೆ ಅಷ್ಟೇನೂ ಗೊತ್ತಾಗಲಿಲ್ಲ. ಹುಳಕ್ಕೆ ಗೊತ್ತಾಯಿತು. ಬಿಟ್ಟ ಹುಳ ಒಂದೂ ಕೂರಲಿಲ್ಲ. ತಲೆಯೆತ್ತಿಕೊಂಡು ಪಟ್ಟಿಯ ಉದ್ದಕ್ಕೂ ಅಲೆದವು, ನೂಲನ್ನು ಕಂಡಕಂಡಲ್ಲಿ ಸುರಿದುಕೊಂಡು ಬರಿದಾದವು, ಬೆಳಗಾಗುವಷ್ಟರಲ್ಲಿ ಕೆಳಗೆ ಉದುರಿ ಬಿದ್ದಿದ್ದವು. ನಾವು ನಮ್ಮ ಬೆಳೆಯಲ್ಲಿ ಅರ್ಧವನ್ನು ಮಾತ್ರ ಹೊಸ ಚಂದ್ರಿಕೆಗೆ ಬಿಟ್ಟಿದ್ದೆವು. ಪಕ್ಕದ ಮನೆಯ ಮುನಿಗಂಗಮ್ಮ ಅಷ್ಟನ್ನೂ ಬಿಟ್ಟಿದ್ದಳು. ಗಂಡ ಸತ್ತ ಮೇಲೆ ಆ ಹುಳದಿಂದಲೇ ಎರಡು ಹೆಣ್ಣುಮಕ್ಕಳನ್ನು ಸಾಕುತ್ತಿದ್ದವಳು. ಸತ್ತ ಹುಳವನ್ನು ತಿಪ್ಪೆಗೆ ಸುರಿದು ಬಂದು ಅಂಗಳದಲ್ಲಿ ಕೂತವಳು ಮಧ್ಯಾಹ್ನವಾದರೂ ಏಳಲಿಲ್ಲ.

ರಾಮಲಕ್ಷ್ಮಮ್ಮ ಒಂದು ಸರ್ಕಾರಿ ಚಂದ್ರಿಕೆಯನ್ನು ತಲೆಯ ಮೇಲಿಟ್ಟುಕೊಂಡು ಶಿಡ್ಲಘಟ್ಟದ ರೇಷ್ಮೆ ಇಲಾಖೆಯ ಕಚೇರಿಗೆ ನಡೆದಳು. ಅಧಿಕಾರಿ ಅದರ ಮೇಲೆ ಕೈಯಾಡಿಸಿ ನೋಡಿದರು. "ಏನಮ್ಮ ಇದಕ್ಕೆ? ಎಷ್ಟು ಗಟ್ಟಿಯಾಗಿದೆ. ಪಾಸಾಗಿ ಬಂದಿರೋ ಮಾಲು. ನಿಮ್ಮ ಹುಳಕ್ಕೇ ಏನೋ ರೋಗ ಇತ್ತು ಅನ್ಸುತ್ತೆ," ಎಂದರು.

"ಒಂದೇ ಮನೆ, ಒಂದೇ ಹುಳ, ಒಂದೇ ಸೊಪ್ಪು ಸ್ವಾಮಿ. ಹಳೇ ಚಂದ್ರಿಕೆ ಮ್ಯಾಲೆ ಕೂತಿದ್ದು ಗೂಡು ಕಟ್ತು, ಇದರ ಮ್ಯಾಲೆ ಕೂತಿದ್ದು ಸತ್ತೋಯ್ತು. ರೋಗ ಜಾಗ ನೋಡ್ಕೊಂಡು ಬರ್ತೈತಾ?"

ಅಧಿಕಾರಿಗೆ ಉತ್ತರ ಹೊಳೆಯಲಿಲ್ಲ. ಉತ್ತರ ಹೊಳೆಯದ ಅಧಿಕಾರಿಗಳು ಏನು ಮಾಡುತ್ತಾರೋ ಅದನ್ನೇ ಅವರೂ ಮಾಡಿದರು, ಮುಂದಿನ ವಾರ ಬನ್ನಿ ಎಂದರು. ಮುಂದಿನ ವಾರ ಹೋದಾಗ ಅದಕ್ಕಿಂತ ಕೆಟ್ಟ ಸುದ್ದಿ ಕಾದಿತ್ತು. ಇದೇ ವೆಂಕಟರವಣಪ್ಪನಿಗೆ ಇಡೀ ಕೋಲಾರ ಜಿಲ್ಲೆಯ ಆರ್ಡರು ಸಿಗುವುದರಲ್ಲಿತ್ತು. ಈಗ ನಮ್ಮ ತಾಲ್ಲೂಕಿನಲ್ಲಿ ಮುನಿಗಂಗಮ್ಮನಂಥವರು ಎಷ್ಟು ಮಂದಿಯೋ, ಇನ್ನು ಜಿಲ್ಲೆಯ ತುಂಬ ಎಷ್ಟು ಮಂದಿಯಾಗುತ್ತಾರೋ ಎಂದು ನೆನೆದು ನನ್ನ ಹೆಂಡತಿ ಆ ದಿನ ಸರಿಯಾಗಿ ಊಟ ಮಾಡಲಿಲ್ಲ.

ದಾರಿ ತೋರಿಸಿದವನು ಬಾಬಾಜಾನ್. ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವ ಕಸುಬಿನವನು, ನಮ್ಮ ಗೂಡಿಗೆ ಹಳೆಯ ಗಿರಾಕಿ. ದಿನಾ ಎರಡು ಪೇಪರು ಓದುತ್ತಾನೆ, ಎರಡರಲ್ಲಿರುವುದನ್ನೂ ನಂಬುವುದಿಲ್ಲ. "ರಾಮಲಕ್ಷ್ಮಮ್ಮಾ, ಚಿಕ್ಕಬಳ್ಳಾಪುರಕ್ಕೆ ಶಾಸಕರ ಸಮಿತಿ ಬರ್ತೈತಂತೆ. ಸರ್ಕಾರ ಯಾರ ಹತ್ರ ಏನು ಕೊಂಡುಕೊಳ್ತು, ಅದು ಕೆಲಸಕ್ಕೆ ಬಂತೋ ಇಲ್ವೋ ಅಂತ ತನಿಖೆ ಮಾಡೋದೇ ಅವರ ಕೆಲಸ. ಅಧ್ಯಕ್ಷರು ವಿರೋಧ ಪಕ್ಷದೋರು. ಮಂತ್ರೀನ ಕೇಳಿದ್ರೆ ಅರ್ಜಿ ತಗೋತಾನೆ, ಇವರಾದ್ರೆ ಕಾಗದ ಬಿಟ್ಟು ಸ್ಥಳಕ್ಕೇ ಬರ್ತಾರೆ," ಎಂದ.

ಚಿಕ್ಕಬಳ್ಳಾಪುರದ ಪ್ರವಾಸಿ ಮಂದಿರದ ಗೇಟಿನಲ್ಲಿ ಪೊಲೀಸಿನವನು ಅವಳನ್ನು ಒಳಗೆ ಬಿಡಲಿಲ್ಲ. ಅವಳು ಜಗಳವಾಡಲೂ ಇಲ್ಲ. ಹೊತ್ತು ತಂದಿದ್ದ ಚಂದ್ರಿಕೆಯನ್ನು ಗೇಟಿಗೆ ಅಡ್ಡವಾಗಿ ಒರಗಿಸಿ ಅದರ ಮುಂದೆ ನಿಂತುಕೊಂಡಳು. ಅಧ್ಯಕ್ಷರ ಕಾರು ಹೊರಗೆ ಹೋಗಬೇಕಾದರೆ ಆ ಚಂದ್ರಿಕೆ ಸರಿಯಬೇಕಿತ್ತು, ಚಂದ್ರಿಕೆ ಸರಿಯಬೇಕಾದರೆ ಅವರು ಕಾರಿನಿಂದ ಇಳಿಯಬೇಕಿತ್ತು. ಅಧ್ಯಕ್ಷರು ಇಳಿದರು. ಉತ್ತರ ಕರ್ನಾಟಕದ ಕಡೆಯ ಹಿರಿಯರು, ಎತ್ತರದ ಆಳು, ತಲೆಗೆ ಬಿಳಿ ಟೋಪಿ. ಅವಳು ಹೇಳಿದ್ದನ್ನೆಲ್ಲ ಕೇಳಿ, "ನಮ್ಮ ಕಡೆ ಬರೇ ಜ್ವಾಳ, ಹತ್ತಿ. ಈ ಹುಳದ ಮಾರಿ ನಾ ಕಂಡಿಲ್ಲ. ಆದ್ರ ಬೆಳಿ ಹೋದ್ರ ಏನಾಗ್ತದ ಅನ್ನೂದು ಗೊತ್ತದ. ನಿಮ್ಮೂರಿಗೇ ಬರ್ತೀವಿ ತಗೋಬೇ," ಎಂದರು.

ಬರುವ ದಿನ ಗೊತ್ತಾಯಿತು. ಅದೇ ದಿನಕ್ಕೆ ಸರಿಯಾಗಿ ಊರಿನ ಹುಳವೆಲ್ಲ ಹಣ್ಣಾಗುವುದರಲ್ಲಿತ್ತು. ಅದರಿಂದ ಆಗುವ ತೊಂದರೆ ಅಷ್ಟು ಬುದ್ಧಿವಂತೆಯಾದ ನನ್ನ ಹೆಂಡತಿಗೂ ಹೊಳೆಯಲಿಲ್ಲ. ಹೊಳೆದದ್ದು ವೆಂಕಟರವಣಪ್ಪನಿಗೆ.

ಮೂರು ಕಾರು, ಎರಡು ಜೀಪು ಬಂದವು. ಅಧ್ಯಕ್ಷರು, ನಾಲ್ಕೈದು ಮಂದಿ ಶಾಸಕರು, ನಮ್ಮ ಶಿಡ್ಲಘಟ್ಟದ ಅಧಿಕಾರಿ, ಆಡಿದ ಮಾತನ್ನು ಆಡಿದಂತೆಯೇ ಬರೆದುಕೊಳ್ಳುವ ಶೀಘ್ರಲಿಪಿಯವರೊಬ್ಬರು, ಜೊತೆಗೆ ವೆಂಕಟರವಣಪ್ಪ. ಅಶ್ವತ್ಥಕಟ್ಟೆಯ ಹತ್ತಿರ ಜಮಖಾನ ಹಾಸಿ, ಕುರ್ಚಿ ಹಾಕಿ, ಎಳನೀರು ಇಟ್ಟಿದ್ದೆವು. ಅಲ್ಲಿಯೇ ಕೂತು ಒಬ್ಬೊಬ್ಬರನ್ನೇ ಕರೆದು ಕೇಳುತ್ತಾರೆ ಎಂದು ನಮ್ಮ ಲೆಕ್ಕಾಚಾರ. ಮುನಿಗಂಗಮ್ಮನಿಗೆ ಏನು ಹೇಳಬೇಕೆಂದು ರಾಮಲಕ್ಷ್ಮಮ್ಮ ಬೆಳಗಿನಿಂದ ಹೇಳಿಕೊಟ್ಟಿದ್ದಳು.

ಅಧ್ಯಕ್ಷರು ಕುರ್ಚಿಯಲ್ಲಿ ಕೂರುವಷ್ಟರಲ್ಲಿ ವೆಂಕಟರವಣಪ್ಪ ಕೈಮುಗಿದು ಮುಂದೆ ಬಂದ. "ಸಾರ್, ಇಲ್ಲಿ ಕೂತ್ಕೊಂಡು ಏನು ಕೇಳ್ತೀರ? ಯಾರು ಬೇಕಾದ್ರೂ ಏನು ಬೇಕಾದ್ರೂ ಹೇಳ್ಬೋದು. ಹುಳದ ಮನೆಗೇ ಬನ್ನಿ. ಹುಳ ನೋಡಿ, ಚಂದ್ರಿಕೆ ನೋಡಿ, ಅವುಗಳ ಮುಂದೇನೇ ಈ ಜನಾನ ಕೇಳಿ. ನನ್ನ ಮಾಲು ಕೆಟ್ಟದ್ದು ಅಂತ ಅಲ್ಲಿ ಒಬ್ಬರಾದ್ರೂ ಅಂದ್ರೆ ನಾನು ಈ ಕೆಲಸಾನೇ ಬಿಟ್ಬಿಡ್ತೀನಿ."

ಅಧ್ಯಕ್ಷರಿಗೆ ಈ ಮಾತು ಹಿಡಿಸಿತು. "ಹೌದು, ಸ್ಥಳದಾಗ ಕೇಳೂದು ಚಲೋ," ಎಂದು ಎದ್ದೇಬಿಟ್ಟರು.

ಎಲ್ಲರೂ ಮುನಿಗಂಗಮ್ಮನ ಮನೆಗೆ ಹೋದೆವು. ಬಾಗಿಲಲ್ಲಿ ಅವಳ ಮಗಳು ಚೊಂಬಿನಲ್ಲಿ ನೀರು ಹಿಡಿದು ನಿಂತಿದ್ದಳು. ಶಾಸಕರೆಲ್ಲ ಚಪ್ಪಲಿ ಬಿಟ್ಟು, ಕಾಲು ತೊಳೆದು, ಸುಣ್ಣದ ಪುಡಿ ತುಳಿದು ಒಳಗೆ ಬಂದರು. ಒಳಗೆ ಅರೆಗತ್ತಲು, ತಂಪು, ಸೊಪ್ಪಿನ ವಾಸನೆ. ತಟ್ಟೆಗಳ ತುಂಬ ಹಣ್ಣಾದ ಹುಳ ತಲೆ ಆಡಿಸುತ್ತಿದ್ದವು. ಕೆಲವನ್ನು ಆಗಲೇ ಮೇದರು ಹೆಣೆದ ಹಳೆಯ ಚಂದ್ರಿಕೆಗಳಿಗೆ ಬಿಟ್ಟಾಗಿತ್ತು. ಸರ್ಕಾರದ ಚಂದ್ರಿಕೆಗಳು ಗೋಡೆಗೆ ಒರಗಿದ್ದವು.

ಅಧ್ಯಕ್ಷರು ಅವುಗಳ ಕಡೆ ಕೈ ತೋರಿಸಿ ಮುನಿಗಂಗಮ್ಮನನ್ನು ಕೇಳಿದರು. "ಯವ್ವಾ, ಈ ಸರಕಾರದ ಚಂದ್ರಿಕಿ ಹ್ಯಾಂಗದಾವು? ಅಂಜಬ್ಯಾಡ. ಖರೇ ಹೇಳು."

ಮುನಿಗಂಗಮ್ಮ ಹುಳದ ಕಡೆ ನೋಡಿದಳು. ಸೆರಗನ್ನು ತಲೆಗೆ ಎಳೆದುಕೊಂಡಳು. "ಚೆನ್ನಾಗವೆ ಸ್ವಾಮಿ," ಎಂದಳು.

"ಹುಳಕ್ಕೇನೂ ತ್ರಾಸ ಇಲ್ಲಲ್ಲ?"

"ಇಲ್ಲ ಸ್ವಾಮಿ. ಎಲ್ಲ ಒಳ್ಳೇದೇ ಆಗೈತೆ."

ಆ ಕ್ಷಣದಲ್ಲಿ ನನಗೆ ಎಲ್ಲವೂ ಅರ್ಥವಾಯಿತು. ನಮ್ಮಲ್ಲಿ ಹಣ್ಣು ಹುಳದ ಮುಂದೆ ಯಾರೂ ಕೆಟ್ಟ ಮಾತು ಆಡುವುದಿಲ್ಲ. ಹೋಯಿತು, ಸತ್ತಿತು, ಕೆಟ್ಟಿತು, ಬೇಡ ಎನ್ನುವ ಮಾತು ಆ ಎರಡು ಮೂರು ದಿನ ಹುಳದ ಮನೆಯಲ್ಲಿ ಹುಟ್ಟಬಾರದು. ಹುಳ ಗೂಡು ಕಟ್ಟಲು ಕೂತಿರುವಾಗ ಕೆಟ್ಟದ್ದು ಕಿವಿಗೆ ಬಿದ್ದರೆ ಅದು ನೂಲು ತೆಗೆಯುವುದನ್ನು ನಿಲ್ಲಿಸುತ್ತದೆ ಎಂದು ನಮ್ಮ ಹಿರಿಯರ ನಂಬಿಕೆ. ಹುಳಕ್ಕೆ ಕಿವಿ ಎಲ್ಲಿದೆ ಎಂದು ಕೇಳಿದ ಮೇಷ್ಟರೊಬ್ಬರನ್ನು ನಮ್ಮಮ್ಮ ಮನೆಯಿಂದ ಹೊರಗೆ ಕಳಿಸಿದ್ದಳು. ಅತ್ತೆಯರು ಸೊಸೆಯರನ್ನು ಬೈಯಬೇಕಾದರೂ ಅಂಗಳಕ್ಕೆ ಕರೆದು ಬೈಯುತ್ತಾರೆ. ವೆಂಕಟರವಣಪ್ಪ ಇದೇ ಕಡೆ ಹುಟ್ಟಿ ಬೆಳೆದವನು. ನಮ್ಮನ್ನು ಹುಳದ ಮನೆಗೆ ತಂದು ನಿಲ್ಲಿಸಿದ್ದೇ ಅದಕ್ಕೆ.

ಅವನು ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ. ಮುಖ ಸಪ್ಪೆಯಾಗಿಟ್ಟುಕೊಂಡಿದ್ದ, ಕಣ್ಣು ಮಾತ್ರ ನಗುತ್ತಿತ್ತು. ಎರಡು ಬಾರಿಸೋಣ ಎನ್ನುವಷ್ಟು ಸಿಟ್ಟು ಬಂತು ನನಗೆ.

ಅಧ್ಯಕ್ಷರು ಇನ್ನೊಬ್ಬ ಬೆಳೆಗಾರ ಮುನಿನಾರಾಯಣಪ್ಪನನ್ನು ಕೇಳಿದರು. ಅವನ ಹುಳವೂ ಹೋದ ಸಲ ಪೂರಾ ಹಾಳಾಗಿತ್ತು. "ಎಲ್ಲ ತಾಯಿ ದಯೆ, ಒಳ್ಳೇದಾಗೈತೆ," ಎಂದ. ಶೀಘ್ರಲಿಪಿಯವರ ಪೆನ್ಸಿಲು ಓಡುತ್ತಲೇ ಇತ್ತು. ಆಮೇಲೆ ಅಧ್ಯಕ್ಷರು ನನ್ನ ಹೆಂಡತಿಯ ಕಡೆ ತಿರುಗಿದರು.

"ನೀ ಹೇಳಬೇ. ಅರ್ಜಿ ಕೊಟ್ಟಾಕಿ ನೀನ. ಈ ಚಂದ್ರಿಕಿ ಚಲೋ ಅದಾವೋ, ಕೆಟ್ಟ ಅದಾವೋ?"

ರಾಮಲಕ್ಷ್ಮಮ್ಮ ಬಾಯಿ ತೆರೆದಳು. ಇವಳು ಹೇಳೇ ಹೇಳುತ್ತಾಳೆ, ಇವಳಿಗೆ ಯಾವ ಅಡ್ಡಿಯೂ ಇಲ್ಲ ಎಂದು ನಾನಂದುಕೊಂಡೆ. ಅವಳ ಕಣ್ಣು ತಟ್ಟೆಯ ಮೇಲೆ ಬಿತ್ತು. ಅವು ಮುನಿಗಂಗಮ್ಮನ ಹುಳ, ಈ ಸಲವೂ ಕೈಬಿಟ್ಟರೆ ಆ ಮನೆಯಲ್ಲಿ ಒಲೆ ಹತ್ತುವುದಿಲ್ಲ.

"ಚೆನ್ನಾಗವೆ," ಎಂದಳು.

ಹೊರಗೆ ಬಂದಾಗ ಬಿಸಿಲು ಕಣ್ಣಿಗೆ ಹೊಡೆಯಿತು. ಅಧಿಕಾರಿ ಲವಲವಿಕೆಯಿಂದ ಶಾಸಕರನ್ನು ಊಟಕ್ಕೆ ಕರೆಯುತ್ತಿದ್ದರು, ಶಿಡ್ಲಘಟ್ಟದಲ್ಲಿ ಊಟ ಸಿದ್ಧವಾಗಿತ್ತಂತೆ. ಅಧ್ಯಕ್ಷರು ಮಾತ್ರ ನನ್ನ ಹೆಂಡತಿಯ ಮುಂದೆ ಬಂದು ನಿಂತರು. ಅವರ ಮುಖ ಗಂಟಿಕ್ಕಿತ್ತು.

"ಅಲ್ಲಬೇ, ನನ್ನ ಕಾರಿಗೆ ಅಡ್ಡ ನಿಂತಾಕಿ ನೀನ ಹೌದಲ್ಲ? ಇಷ್ಟು ಮಂದಿನ್ನ ಕರಕೊಂಡು ಬಂದೀನಿ. ಈಗ ಚಲೋ ಅದಾವು ಅಂದಿ. ನಾವೇನು ಬರೀಬೇಕು?"

"ಸ್ವಾಮಿ, ಒಳಗೆ ನಾವು ಹೇಳಿದ್ದು ನಿಜ ಅಲ್ಲ," ಎಂದಳು ಅವಳು. ಅಂಗಳಕ್ಕೆ ಬಂದದ್ದೇ ದನಿ ಮರಳಿ ಬಂದಿತ್ತು. "ಹಣ್ಣು ಹುಳದ ಮುಂದೆ ಕೆಟ್ಟ ಮಾತು ಆಡಬಾರ್ದು. ನಮ್ಮತ್ತೆ ಆಡಿಲ್ಲ, ನಮ್ಮಮ್ಮ ಆಡಿಲ್ಲ, ನಾನೂ ಆಡಲ್ಲ. ಅಲ್ಲಿ ನೀವು ಏನು ಕೇಳಿದ್ರೂ ಒಳ್ಳೇದೇ ಅಂತೀವಿ. ಆ ಚಂದ್ರಿಕೆ ಕೆಟ್ಟದ್ದು. ಈ ಮುನಿಗಂಗಮ್ಮನ ಹುಳಾನೆಲ್ಲ ಸಾಯಿಸ್ತು. ಇಲ್ಲಿ ಕೇಳಿ, ಎಲ್ಲಾರೂ ಹೇಳ್ತಾರೆ."

ವೆಂಕಟರವಣಪ್ಪ ನಕ್ಕ. "ಸಾರ್, ನಾನೂ ಹುಳ ಸಾಕೋನೇ. ನಮ್ಮನೇಲಿ ಇಂಥ ಪದ್ಧತಿ ಇಲ್ಲಪ್ಪ. ಒಳಗೊಂದು ಹೇಳೋದು, ಹೊರಗೊಂದು ಹೇಳೋದು. ಪಂಚಾಯಿತಿ ರಾಜಕೀಯ, ಅಷ್ಟೇ."

ಅಧ್ಯಕ್ಷರು ಇಬ್ಬರನ್ನೂ ನೋಡಿದರು. ಅವರಿಗೆ ಯಾರನ್ನು ನಂಬಬೇಕೆಂದು ತಿಳಿಯದಿದ್ದರೆ ಅದು ಅವರ ತಪ್ಪಲ್ಲ. ಬೇಕಾದಾಗ ಪದ್ಧತಿಯನ್ನು ಹುಟ್ಟಿಸಿಕೊಳ್ಳುವವರನ್ನು ಅವರು ತುಂಬ ಮಂದಿಯನ್ನು ನೋಡಿರಬೇಕು. "ಒಮ್ಮಿ ಕೊಟ್ಟ ಹೇಳಿಕಿ ಸುಮ್ಮ ಸುಮ್ಮನ ಬದಲ ಮಾಡಾಕ ಬರೂದಿಲ್ಲಬೇ," ಎಂದು ಕಾರಿನ ಕಡೆ ಹೆಜ್ಜೆ ಹಾಕಿದರು.

ಅಲ್ಲಿಗೆ ಎಲ್ಲ ಮುಗಿಯಿತು ಎಂದು ನಾನು ಅಂದುಕೊಂಡೆ. ನನ್ನ ಹೆಂಡತಿ ಹಾಗೆ ಅಂದುಕೊಳ್ಳುವ ಜಾತಿಯಲ್ಲ. ಅವಳು ವೆಂಕಟರವಣಪ್ಪನ ಕಡೆ ತಿರುಗಿ, ಮೊದಲ ಸಲ, ನಗುನಗುತ್ತಾ ಮಾತಾಡಿದಳು.

"ರವಣಣ್ಣ, ನೀನೂ ಹುಳ ಸಾಕೋನೇ ಅಂದ್ಯಲ್ಲ. ನಾವೂ ನಿಮ್ಮಮ್ಮನೂ ಒಂದೇ ದಿನ ಮೊಟ್ಟೆ ತಂದಿದ್ದು. ನಿಮ್ಮನೇಲೂ ಇವತ್ತು ಹುಳ ಹಣ್ಣಾಗಿರಬೇಕಲ್ಲ?"

ಆಮೇಲೆ ಅವಳು ಅಧ್ಯಕ್ಷರನ್ನು ಕೂಗಿದಳು. "ಸ್ವಾಮಿ, ಇವರ ಗೋಡೌನು ನೋಡೋದು ನಿಮ್ಮ ಕಾರ್ಯಕ್ರಮದಾಗೆ ಐತಂತಲ್ಲ. ಊಟ ಆದ ಮ್ಯಾಲೆ ಯಾಕೆ, ಈಗ್ಲೇ ಹೋಗಣ ನಡೀರಿ. ಗೋಡೌನು, ಮನೆ ಎಲ್ಲ ಒಂದೇ ಕಾಂಪೌಂಡು. ರವಣಣ್ಣನ ಹುಳ ಯಾವ ಚಂದ್ರಿಕೆ ಮ್ಯಾಲೆ ಕೂತಿದಾವೆ ಅಂತ ನೋಡ್ಕೊಂಡು ಬರಣ. ಅವನ ಚಂದ್ರಿಕೆ ಮ್ಯಾಲೆ ಕೂತಿದ್ರೆ ನಾನು ಪಂಚಾಯಿತಿಗೆ ರಾಜೀನಾಮೆ ಬರೆದು ನಿಮ್ಮ ಕೈಗೇ ಕೊಡ್ತೀನಿ."

ನಾನು ಅವಳ ಕಿವಿಯಲ್ಲಿ, "ಏನೇ ಇದು, ಅವನ ಮನೇಲಿ ಏನೈತೋ ನೀನು ನೋಡಿದೀಯ?" ಎಂದೆ.

"ನೋಡಿಲ್ಲ. ಪೆದ್ದಮ್ಮನ್ನ ನೋಡಿದೀನಿ," ಎಂದಳು. ಪೆದ್ದಮ್ಮ ವೆಂಕಟರವಣಪ್ಪನ ತಾಯಿ. ಬೊಮ್ಮಪಲ್ಲಿಯ ಸುತ್ತಮುತ್ತ ಆಯಮ್ಮನಷ್ಟು ಶ್ರದ್ಧೆಯಿಂದ ಹುಳ ಸಾಕುವವರು ಬೇರೆ ಇರಲಿಲ್ಲ. ಅಂಥವರು ತಮ್ಮ ಹುಳವನ್ನು ಆ ಎಣ್ಣೆಯ ಮೇಲೆ ಬಿಡುವುದಿಲ್ಲ ಎಂದು ಇವಳ ಧೈರ್ಯ. ಅಷ್ಟರ ಮೇಲೆ ತನ್ನ ಸ್ಥಾನವನ್ನೇ ಪಣಕ್ಕೆ ಇಟ್ಟುಬಿಟ್ಟಿದ್ದಳು.

"ಸಾರ್, ಊಟ ತಣ್ಣಗಾಗುತ್ತೆ," ಎಂದರು ಅಧಿಕಾರಿ.

"ಆರಲಿ ಬಿಡ್ರಿ. ಆರಿದ ಊಟ ಉಂಡೇ ದೊಡ್ಡವರಾಗೀವಿ," ಎಂದರು ಅಧ್ಯಕ್ಷರು. ನಮ್ಮಿಬ್ಬರನ್ನೂ ಜೀಪಿಗೆ ಹತ್ತಿಸಿಕೊಂಡರು.

ಬೊಮ್ಮಪಲ್ಲಿಯಲ್ಲಿ ವೆಂಕಟರವಣಪ್ಪನ ಅಂಗಳದ ಒಂದು ಕಡೆ ತಗಡಿನ ಗೋಡೌನು, ಅದರ ಮುಂದೆ ಲಾರಿಗೆ ಏರಿಸಲು ಜೋಡಿಸಿಟ್ಟ ಹೊಸ ಚಂದ್ರಿಕೆಗಳು, ಇನ್ನೊಂದು ಕಡೆ ಹಳೆಯ ಹೆಂಚಿನ ಮನೆ. ಪೆದ್ದಮ್ಮ ಒಳಗೆ ಹುಳ ಆರಿಸುತ್ತಿದ್ದರು. ಕಾಲು ತೊಳೆದು ಒಳಗೆ ಹೋದೆವು. ಗೋಡೆಯ ಉದ್ದಕ್ಕೂ ಚಂದ್ರಿಕೆಗಳು ನಿಂತಿದ್ದವು, ಎಲ್ಲವೂ ಮೇದರು ಹೆಣೆದವು, ವರ್ಷಗಳ ಬಳಕೆಯಿಂದ ಕಪ್ಪಾದವು. ಸರ್ಕಾರಕ್ಕೆ ಕೊಟ್ಟಂಥದ್ದು ಅಲ್ಲಿ ಒಂದೂ ಇರಲಿಲ್ಲ.

ನಾನು ಉಸಿರು ಬಿಟ್ಟೆ. ಅಧ್ಯಕ್ಷರು ವೆಂಕಟರವಣಪ್ಪನನ್ನು ನೋಡಿದರು.

"ಹಳೇವು ಇದ್ವಲ್ಲ ಸಾರ್. ಇರೋದನ್ನ ಬಿಟ್ಟು ಮಾರೋ ಮಾಲನ್ನ ಮನೆಗೆ ಯಾಕೆ ಬಳಸೋದು ಅಂತ," ಎಂದ ಅವನು. ತಡವರಿಸಲೂ ಇಲ್ಲ.

ಒಪ್ಪುವಂಥ ಮಾತೇ. ದರ್ಜಿ ಮಾರುವ ಅಂಗಿಯನ್ನೆಲ್ಲ ತಾನೇ ತೊಡುತ್ತಾನೆಯೇ? ಶಾಸಕರಲ್ಲಿ ಒಬ್ಬರು ತಲೆಯಾಡಿಸಿದರು. ಮತ್ತೆ ಎಲ್ಲ ಕೈಜಾರುತ್ತಿತ್ತು. ಪಕ್ಕಕ್ಕೆ ನೋಡಿದರೆ ನನ್ನ ಹೆಂಡತಿ ಇರಲಿಲ್ಲ.

ಅವಳು ಅಂಗಳಕ್ಕೆ ಹೋಗಿದ್ದಳು. ಜೋಡಿಸಿಟ್ಟಿದ್ದ ಹೊಸ ಚಂದ್ರಿಕೆಯೊಂದನ್ನು ತಲೆಯ ಮೇಲೆ ಹೊತ್ತು, ಬಾಗಿಲಲ್ಲಿ ಬಗ್ಗಿ ಒಳಗೆ ತಂದು, ಗೋಡೆಗೆ ಒರಗಿಸಿದಳು. ಕೈ ಒರೆಸಿಕೊಂಡಳು. ಪೆದ್ದಮ್ಮನ ಮುಂದಿದ್ದ ತಟ್ಟೆಯಿಂದ ಹಣ್ಣು ಹುಳವನ್ನು ಬೊಗಸೆ ತುಂಬ ಎತ್ತಿಕೊಂಡಳು. ಅಷ್ಟು ಮೆಲ್ಲಗೆ ಎತ್ತಿದ್ದರಿಂದ ಒಂದು ಹುಳವೂ ಬೆಚ್ಚಲಿಲ್ಲ.

"ರವಣಣ್ಣ," ಎಂದಳು. ದನಿ ಜೋಗುಳ ಹಾಡುವವರ ದನಿಯಷ್ಟು ಮೆತ್ತಗಿತ್ತು. "ನಿನ್ನ ಚಂದ್ರಿಕೆ ಬಂಗಾರದಂಥದ್ದು. ಎಷ್ಟು ಗಟ್ಟಿ, ಎಷ್ಟು ನಯ. ನಿಮ್ಮಮ್ಮ ಸಾಕಿದ ಹುಳ ಅದಕ್ಕಿಂತ ಬಂಗಾರ. ಬಂಗಾರಾನ ಬಂಗಾರದ ಮ್ಯಾಲೇ ಬಿಡಣ. ಈ ದೊಡ್ಡವರೆಲ್ಲ ಕಣ್ತುಂಬ ನೋಡ್ಕೊಂಡು ಹೋಗ್ಲಿ. ಬಿಡಲಾ?"

ಕೆಟ್ಟ ಮಾತು ಒಂದೂ ಇಲ್ಲ ಅದರಲ್ಲಿ. ಹುಳ ಕೇಳಿಸಿಕೊಂಡಿದ್ದರೆ ಹಿಗ್ಗುತ್ತಿತ್ತು. ಅವಳು ಬೊಗಸೆಯನ್ನು ಹೊಸ ಚಂದ್ರಿಕೆಯ ಹತ್ತಿರ ಹತ್ತಿರ ಒಯ್ದಳು. ಇನ್ನೊಂದು ಗೇಣು ಮುಂದೆ ಹೋದರೆ ಅವಳೇ ಸೋಲುತ್ತಾಳೆ, ಸಾಕಿದ ಹುಳವನ್ನು ಬೇಕೆಂದು ಸಾಯಿಸುವ ಹೆಂಗಸಲ್ಲ ಅವಳು. ಇದು ನನಗೆ ಗೊತ್ತಿತ್ತು. ವೆಂಕಟರವಣಪ್ಪನಿಗೆ ಗೊತ್ತಿರಲಿಲ್ಲ.

"ಬೇಡ," ಎಂದ ಅವನು. ಮುಂದಕ್ಕೆ ನುಗ್ಗಿ ಅವಳ ಕೈ ಹಿಡಿದುಕೊಂಡ. "ಬೇಡ ಬಿಡಮ್ಮ, ಸಾಯ್ತವೆ."

ಪೆದ್ದಮ್ಮನ ಕೈ ಅಲ್ಲೇ ನಿಂತಿತು. ಶೀಘ್ರಲಿಪಿಯವರು ಅಧ್ಯಕ್ಷರ ಮುಖ ನೋಡಿದರು, ಅಧ್ಯಕ್ಷರು ಹೂಂ ಎಂಬಂತೆ ತಲೆಯಾಡಿಸಿದರು, ಪೆನ್ಸಿಲು ಓಡಿತು. ನನ್ನ ಹೆಂಡತಿ ಬೊಗಸೆಯ ಹುಳವನ್ನು ಮತ್ತೆ ತಟ್ಟೆಗೆ ಇಳಿಸಿದಳು.

"ಸಾರ್, ಅದು ಹಂಗಲ್ಲ," ಎಂದು ಶುರು ಮಾಡಿದ ವೆಂಕಟರವಣಪ್ಪ. "ಇನ್ನೂ ಪೂರ್ತಿ ಹಣ್ಣಾಗಿಲ್ಲ ಈ ಹುಳ. ಈಗ ಯಾವ ಚಂದ್ರಿಕೆಗೆ ಬಿಟ್ರೂ ತೊಂದರೇನೇ. ಅದಕ್ಕೆ ಹಂಗಂದೆ."

ಹುಳ ಕಂಡಿಲ್ಲದ ಅಧ್ಯಕ್ಷರಿಗೆ ಅದು ಸುಳ್ಳೋ ನಿಜವೋ ತಿಳಿಯುವಂತಿರಲಿಲ್ಲ. ಅವರು ಪೆದ್ದಮ್ಮನ ಕಡೆ ಬಗ್ಗಿ, "ಯವ್ವಾ, ನಿಮ್ಮ ಮಗ ಹೇಳೂದು ಖರೇ ಏನು?" ಎಂದು ಕೇಳಿದರು.

ಪೆದ್ದಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಗೋಡೆ ಹಿಡಿದುಕೊಂಡು ಎದ್ದರು. ಸೊಂಟ ಬಗ್ಗಿದ ಜೀವ. ಯಾರ ಕಡೆಯೂ ನೋಡದೆ ಬಾಗಿಲು ದಾಟಿ, ಅಂಗಳದ ನಡುವೆ ಬಿಸಿಲಿನಲ್ಲಿ ಹೋಗಿ ನಿಂತರು. ನಾವೆಲ್ಲ ಅವರ ಹಿಂದೆ ಹೋದೆವು.

"ಇಪ್ಪುಡು ಅಡಗಂಡಿ ಸ್ವಾಮಿ," ಎಂದು ತೆಲುಗಿನಲ್ಲಿ ಅಂದರು. "ಒಳಗೆ ಕೇಳಬಾರ್ದು. ಈಗ ಕೇಳಿ, ಹೇಳ್ತೀನಿ."

ನನ್ನ ಹೆಂಡತಿ ನನ್ನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು. ನಮ್ಮ ಮನೆಯಲ್ಲಿ ಇಂಥ ಪದ್ಧತಿಯೇ ಇಲ್ಲ ಎಂದಿದ್ದ ವೆಂಕಟರವಣಪ್ಪ ತಲೆ ತಗ್ಗಿಸಿದ. ಅಧ್ಯಕ್ಷರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಯಾಕೆ ಹಾಗೆ ಮಾಡಿದರೋ, ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಆಗಲೇ.

"ಒಳಗಿರೂ ಹುಳ ಹಣ್ಣಾಗ್ಯಾವೇನು?"

"ಬೆಳಗ್ಗೇನೇ ಆಗವೆ."

"ನಿಮ್ಮ ಮಗ ಸರಕಾರಕ್ಕ ಕೊಟ್ಟ ಈ ಚಂದ್ರಿಕಿ ಹ್ಯಾಂಗದಾವು?"

"ಹಾಳು ಸ್ವಾಮಿ. ಮೊದಲನೇ ಗಾಡಿ ಬಂದಾಗ ನಾನೇ ಒಂದು ತಗೊಂಡು ಹುಳ ಬಿಟ್ಟೆ. ಒಂದು ಗೂಡೂ ಆಗ್ಲಿಲ್ಲ. ಇವನ್ನ ಕರೆದು ತೋರಿಸ್ದೆ. ಇದನ್ನ ಯಾರಿಗೂ ಕೊಡಬೇಡ ನಾಯನಾ ಅಂದೆ. ವಾಪಸ್ ಕಳಿಸ್ತೀನಿ ಅಮ್ಮ ಅಂದ. ಕಳಿಸ್ದ, ಅಂಗಳದಲ್ಲಿರೋ ಇವು ಬೇರೆ ಮಾಲು ಅಂತಾನೇ ನಾನಂದುಕೊಂಡಿದ್ದೆ." ಅವರು ನನ್ನ ಹೆಂಡತಿಯ ಕಡೆ ನೋಡಿದರು. "ನಿಮ್ಮನೆಗಳಿಗೆ ಕೊಟ್ಟವನೆ ಅಂತ ಈಗ ಗೊತ್ತಾಯ್ತು. ಎಷ್ಟು ಮನೇಲಿ ಹೋಯ್ತಮ್ಮ?"

"ಸುಮಾರು ಮನೇಲಿ ಹೋಯ್ತು ಪೆದ್ದಮ್ಮ," ಎಂದಳು ರಾಮಲಕ್ಷ್ಮಮ್ಮ. ಗೆದ್ದವಳ ದನಿ ಅದಾಗಿರಲಿಲ್ಲ.

"ಅಮ್ಮಾ," ಎಂದ ವೆಂಕಟರವಣಪ್ಪ.

"ನೀನು ಮಾತಾಡಬೇಡಪ್ಪ. ಹುಳದ ಮುಂದೆ ಆಡಬಾರದ್ದನ್ನ ಆಡಿಬಿಟ್ಟೆ ನೀನು. ಇನ್ನು ಸುಮ್ನಿರು." ಬೈಯುವ ದನಿಯಲ್ಲ, ಜ್ವರ ಬಂದ ಮಗುವಿಗೆ ಮಲಗಿಕೋ ಎಂದು ಹೇಳುವ ದನಿ. ಅದನ್ನು ಕೇಳಿ ಅವನ ಮುಖದಲ್ಲಿದ್ದ ಕಂಟ್ರಾಕ್ಟರು ಎಲ್ಲೋ ಹೋಗಿಬಿಟ್ಟ. ಅವನನ್ನು ಬಾರಿಸಬೇಕೆಂದಿದ್ದ ನನಗೇ ಅವನನ್ನು ನೋಡಲಾಗಲಿಲ್ಲ.

ಅಧ್ಯಕ್ಷರು ಅಧಿಕಾರಿಯ ಕಡೆ ತಿರುಗಿದರು. ಅಂಗಳದಲ್ಲಿದ್ದ ಚಂದ್ರಿಕೆಗಳು ಒಂದೂ ಲಾರಿ ಹತ್ತಕೂಡದು, ಹಂಚಿದ್ದನ್ನೆಲ್ಲ ವಾಪಸು ತರಿಸಬೇಕು, ಜಿಲ್ಲೆಯ ಆರ್ಡರನ್ನು ತಡೆಹಿಡಿಯಬೇಕೆಂದು ಸಮಿತಿ ಬರೆಯುತ್ತದೆ, ಮಾಲನ್ನು ಪಾಸು ಮಾಡಿದವರು ಯಾರು ಎಂಬುದಕ್ಕೆ ಬೆಂಗಳೂರಿಗೆ ಬಂದು ಉತ್ತರ ಕೊಡಬೇಕು. ಇಷ್ಟನ್ನೂ ದನಿ ಏರಿಸದೆ ಹೇಳಿದರು. ಅಧಿಕಾರಿ ಊಟದ ಮಾತೇ ಎತ್ತಲಿಲ್ಲ. ಆಮೇಲೆ ಅಧ್ಯಕ್ಷರು ನನ್ನ ಹೆಂಡತಿಗೆ, "ಹೊಳ್ಳಿ ನಿಮ್ಮೂರಿಗೆ ಹೋಗಿ ಎಲ್ಲಾರ್ನೂ ಮತ್ತ ಕೇಳ್ತೀವಿ. ಈ ಸಲ ಅಂಗಳದಾಗ," ಎಂದರು. ಮುನಿಗಂಗಮ್ಮ ಅಂದು ಅಶ್ವತ್ಥಕಟ್ಟೆಯ ಮುಂದೆ ಅಷ್ಟು ಹೊತ್ತು ಮಾತಾಡಿದಳಂತೆ, ಬರೆದುಕೊಳ್ಳುವವರು ಪೆನ್ಸಿಲು ಬದಲಾಯಿಸಬೇಕಾಯಿತಂತೆ.

ಅಂತೆ ಎನ್ನುವುದೇಕೆಂದರೆ ನಾವಿಬ್ಬರೂ ಅಲ್ಲಿರಲಿಲ್ಲ. ಕಾರುಗಳು ಹೊರಟಾಗ ರಾಮಲಕ್ಷ್ಮಮ್ಮ ಜೀಪು ಹತ್ತಲಿಲ್ಲ. ಪೆದ್ದಮ್ಮ ಇನ್ನೂ ಬಿಸಿಲಿನಲ್ಲೇ ನಿಂತಿದ್ದರು. ಒಳಗೆ ಆರಿಸದ ಹುಳ ತಟ್ಟೆ ತಟ್ಟೆ ಬಿದ್ದಿತ್ತು, ಇನ್ನು ತಡ ಮಾಡಿದರೆ ನೂಲೆಲ್ಲ ತಟ್ಟೆಯ ಪಾಲಾಗುತ್ತಿತ್ತು. ಇವಳು ಅವರ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ನಾನೂ ಕಾಲು ತೊಳೆದು ಹಿಂದೆ ಹೋದೆ.

ಮೂವರೂ ಹುಳ ಆರಿಸಿ ಚಂದ್ರಿಕೆಗೆ ಬಿಡುತ್ತಾ ಹೋದೆವು. ಪೆದ್ದಮ್ಮನ ಕಣ್ಣಿನಿಂದ ನೀರು ಇಳಿಯುತ್ತಲೇ ಇತ್ತು, ಹುಳದ ಮೇಲೆ ಬೀಳದಂತೆ ಮುಖವನ್ನು ಆಗಾಗ ತೋಳಿಗೆ ಒರೆಸಿಕೊಳ್ಳುತ್ತಿದ್ದರು. ವೆಂಕಟರವಣಪ್ಪ ಹೊರಗೆ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದ, ಕಿಟಕಿಯಿಂದ ಅವನ ಬೆನ್ನು ಮಾತ್ರ ಕಾಣುತ್ತಿತ್ತು.

ಕೊನೆಯ ತಟ್ಟೆಗೆ ಬಂದಾಗ ಪೆದ್ದಮ್ಮ ತಲೆಯೆತ್ತಿ, "ರವಣಾ, ಬಾರಪ್ಪ, ಒಂದು ಕೈ ಹಾಕು," ಎಂದು ಕರೆದರು. ಅವನು ಅಲುಗಾಡಲಿಲ್ಲ. ಅವರು ಇನ್ನೊಂದು ಸಲ ಕರೆದರು. ಆಗ ಚೊಂಬಿನ ನೀರು ಕಾಲಿಗೆ ಬೀಳುವ ಸದ್ದಾಯಿತು, ಅವನು ಒಳಗೆ ಬಂದು ತಾಯಿಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತ.